ಕವಿಯ ಕೈಯಲ್ಲಿ ಬ್ಯಾಂಡೇಜು

ಮೇಲಿನ ಫೋಟೋದಲ್ಲಿರೋದು ನಾನು ದಿನಾ ಕಣ್ಣಿಟ್ಟು ಕೂರುವ ಮೈಕ್ರೋಸ್ಕೋಪು. ಹೌದು, ನಾನು ಲ್ಯಾಬ್ ಟೆಕ್ನಿಷಿಯನ್. 'ದಿನವಿಡೀ ಕಫ, ರಕ್ತ ನೋಡೋರಿಗೆ ಕವಿತೆ ಹೇಗ್ರೀ ರುಚಿಸುತ್ತೆ?' ಅಂತ ಕಳೆದ ಕಂತಿಗೆ ಒಬ್ಬರು ಕೇಳಿದ್ರು. ಅದಕ್ಕೇ ಇವತ್ತು ಜಾನ್ ಕೀಟ್ಸ್.

1817ರ ಡಿಸೆಂಬರ್ 28. ಲಂಡನ್ನಿನಲ್ಲಿ ಚಿತ್ರಕಾರ ಹೇಡನ್ ಮನೆಯಲ್ಲಿ ಊಟ. ವರ್ಡ್ಸ್‌ವರ್ತ್, ಚಾರ್ಲ್ಸ್ ಲ್ಯಾಂಬ್, 22 ವರ್ಷದ ಕೀಟ್ಸ್ ಎಲ್ಲ ಇದ್ದರು. ನ್ಯೂಟನ್ ಬೆಳಕನ್ನ ಪಟ್ಟಕದಲ್ಲಿ ಬಿಡಿಸಿಟ್ಟು ಕಾಮನಬಿಲ್ಲಿನ ಕಾವ್ಯವನ್ನೇ ಹಾಳು ಮಾಡಿದ ಅಂತ ಲ್ಯಾಂಬ್, ಕೀಟ್ಸ್ ಇಬ್ಬರೂ ಒಪ್ಪಿದರು. ಆಮೇಲೆ ನ್ಯೂಟನ್ ಹೆಸರಲ್ಲೇ ಎಲ್ಲರೂ ಗ್ಲಾಸ್ ಎತ್ತಿದರು, ಗಣಿತ ಕೆಟ್ಟುಹೋಗಲಿ ಅಂತಲೂ ಸೇರಿಸಿ! ರೊಮ್ಯಾಂಟಿಕ್ ಕವಿಗಳಿಗೆ ವಿಜ್ಞಾನ ಆಗ್ತಿರಲಿಲ್ಲ ಅನ್ನೋರು ಈ ಕಥೆಯನ್ನೇ ಹೇಳ್ತಾರೆ. ಆದರೆ ಕೀಟ್ಸ್ ಅದಕ್ಕೂ ಮುಂಚೆ ಏನು ಕೆಲಸ ಮಾಡ್ತಿದ್ದ ಗೊತ್ತಾ ನಿಮಗೆ?

ಗೈಸ್ ಆಸ್ಪತ್ರೆಯಲ್ಲಿ ಗಾಯ ಕಟ್ಟುತ್ತಿದ್ದ. ಅರಿವಳಿಕೆ ಇನ್ನೂ ಬಂದಿರದ ಕಾಲ, ಎಚ್ಚರ ಇದ್ದ ರೋಗಿಯ ಮೇಲೇ ಶಸ್ತ್ರಚಿಕಿತ್ಸೆ. 1816ರಲ್ಲಿ ವೈದ್ಯಕೀಯ ಲೈಸೆನ್ಸ್ ಪರೀಕ್ಷೆಯನ್ನೂ ಪಾಸು ಮಾಡಿದ. ನೈಟಿಂಗೇಲ್ ಹಕ್ಕಿಯ ಮೇಲಿನ ಅವನ ಕವಿತೆ ಶುರುವಾಗೋದೇ ನೋವು, ವಿಷದ ಗಿಡ, ಅಫೀಮಿನ ಮಂಪರಿನಿಂದ. ನನಗಂತೂ ಔಷಧಿ ಅಂಗಡಿಯ ವಾಸನೆ ಬರುತ್ತೆ. ಅದನ್ನ ಬರೆದದ್ದು 1819ರಲ್ಲಿ. ಹಿಂದಿನ ಡಿಸೆಂಬರಿನಲ್ಲಷ್ಟೇ ತಮ್ಮ ಟಾಮ್ ಕ್ಷಯದಿಂದ ತೀರಿಕೊಂಡಿದ್ದ. ಆರೈಕೆ ಮಾಡಿದ್ದು ಇವನೇ.

1820ರ ಫೆಬ್ರುವರಿ 3ರ ರಾತ್ರಿ ಸಣ್ಣಗೆ ಕೆಮ್ಮಿದ. ಹಾಸಿಗೆ ಮೇಲೆ ಒಂದು ಹನಿ ರಕ್ತ. ಗೆಳೆಯ ಬ್ರೌನ್ ಹತ್ತಿರ ಮೇಣದಬತ್ತಿ ತರಿಸಿ ನೋಡಿದ. ಅಪಧಮನಿಯ ರಕ್ತ. ಆ ಬಣ್ಣದ ಅರ್ಥ ಏನು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಒಂದು ವರ್ಷ ಇಪ್ಪತ್ತು ದಿನಕ್ಕೆ ರೋಮ್‌ನಲ್ಲಿ ಹೋಗಿಬಿಟ್ಟ, 25ನೇ ವಯಸ್ಸಿಗೆ.

ಈ ಪುಟಕ್ಕೆ ಬಂದಾಗೆಲ್ಲ ಪುಸ್ತಕ ಮಡಚಿಡ್ತೀನಿ. ಮೂರು ವರ್ಷದ ಹಿಂದೆ ನಮ್ಮಪ್ಪನ ಕಫದ ಸ್ಲೈಡ್ ನೋಡಿದ್ದು ನಾನೇ. ನೀಲಿ ಹಿನ್ನೆಲೆ, ಅದರಲ್ಲಿ ಕೆಂಪು ಕಡ್ಡಿಗಳು. ಡಾಕ್ಟ್ರು ಹೇಳೋಕೆ ಮುಂಚೆಯೇ ನನಗೆ ಗೊತ್ತಾಯ್ತು. ನೋಡೋಕೆ ಚೆಂದ ಇತ್ತು ಕೂಡ. ಹೇಳಿಕೊಳ್ಳೋಕೆ ಈಗಲೂ ಒಂಥರಾ ಆಗುತ್ತೆ. ಕೀಟ್ಸ್ ಕಾಲದಲ್ಲಿ ಆ ಕಡ್ಡಿಗಳು ಯಾರಿಗೂ ಗೊತ್ತಿರಲಿಲ್ಲ. ರಾಬರ್ಟ್ ಕಾಖ್ ತೋರಿಸಿದ್ದು 1882ರಲ್ಲಿ.

ಅಪ್ಪ ಆರು ತಿಂಗಳು ತಪ್ಪದೆ ಮಾತ್ರೆ ತಗೊಂಡ್ರು. ಇದನ್ನ ಟೈಪ್ ಮಾಡ್ತಿರೋವಾಗ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ದಾರೆ, ಫ್ಯಾನ್ ಜೋರು ಮಾಡು ಅಂತಿದ್ದಾರೆ.

ಮುಂದಿನ ಕಂತಿನಲ್ಲಿ ಹಂಫ್ರಿ ಡೇವಿ: ನಗೆ ಅನಿಲ ಎಳೆದುಕೊಂಡು ಅದರ ಮೇಲೂ ಪದ್ಯ ಬರೆದ ರಸಾಯನಶಾಸ್ತ್ರಜ್ಞ.