ಉತ್ತರಿಸದೆ ಬಿಟ್ಟ ಪ್ರಶ್ನೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ನೆನಪೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನನಗೆ ನೆನಪಾದುದು ತೀರಿಸದ ಒಂದು ಸಾಲ. 1984ರಲ್ಲಿ ಒಂಬತ್ತನೆಯ ತರಗತಿಯ ವಿಜ್ಞಾನ ಪಾಠದ ನಡುವೆ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಸಾರ್, ಹಸುವಿಗೆ ಹಾಕುವ ಹೋರಿಯ ವೀರ್ಯಕ್ಕೆ ಕೋಳಿಮೊಟ್ಟೆಯ ಹಳದಿ ಬೆರೆಸುತ್ತಾರಂತೆ, ಏಕೆ?" ಎಂದು ಕೇಳಿದನು. ತರಗತಿಯಲ್ಲಿ ನಗೆಯೆದ್ದಿತು. ಹೆಣ್ಣುಮಕ್ಕಳೂ ಇದ್ದರು. ನಾನು ಅವನನ್ನು ಹೊರಗೆ ನಿಲ್ಲಿಸಿದೆನು. ಅವನಲ್ಲಿ ತುಂಟತನವಿರಲಿಲ್ಲ, ನನಗೆ ಉತ್ತರ ತಿಳಿದಿರಲಿಲ್ಲ.

ಮಾರ್ಕಯನ್‌ಕೋಟ್ಟೈಯಂಥ ಊರಿನಲ್ಲಿ ಅದು ಕೇಳಬಾರದ ಪ್ರಶ್ನೆಯೇ ಅಲ್ಲ. ಹತ್ತಿರದ ಕಂಬದಲ್ಲಿ ನಂದಗೋಪಾಲನ ಸನ್ನಿಧಿಯ ಗೋಹಿಂಡಿನ ಹೋರಿಗೆ ಕನ್ನಡ ಮನೆಮಾತಿನ ನಮ್ಮ ಹಿರಿಯರು 'ಪಟ್ಟದ ಆವು' ಎಂದು ಹೆಸರಿಟ್ಟು ರಾಜಮರ್ಯಾದೆ ಸಲ್ಲಿಸಿದವರು.

ನಿವೃತ್ತನಾದ ಮೇಲೆ ಪಶುವೈದ್ಯ ಮಿತ್ರರೊಬ್ಬರಿಂದ ಲೇಖನಗಳನ್ನು ತರಿಸಿಕೊಂಡೆನು. ಕನ್ನಡ ಮಾಧ್ಯಮದ ಮೆಟ್ರಿಕ್ಯುಲೇಷನ್ ಓದಿದವನಿಗೆ ನಿಘಂಟೇ ಗುರು. ಅಮೆರಿಕದ ಫಿಲಿಪ್ಸ್ ಎಂಬವರು 1939ರಲ್ಲಿಯೇ ಹಳದಿಯ ಗುಣವನ್ನು ಪ್ರಕಟಿಸಿದ್ದರು. ಗುಣ ಕಂಡಿತ್ತು, ಕಾರಣ ಸ್ಪಷ್ಟವಾಗಲು ಅರವತ್ತು ವರ್ಷಗಳೇ ಹಿಡಿದವು. ಕೆನಡಾದ ಮಾಂಟ್ರಿಯಲ್ಲಿನ ಪುಟ್ಟಸ್ವಾಮಿ ಮಂಜುನಾಥ್ (ಹೆಸರು ನಮ್ಮ ಕಿವಿಗೆ ಪರಿಚಿತವೇ) ಮತ್ತು ಅವರ ಸಂಗಡಿಗರು 2002ರಲ್ಲಿ ಅದನ್ನು ವಿವರಿಸಿದರು.

ಹೋರಿಯ ವೀರ್ಯದ್ರವದ ಪ್ರೋಟೀನುಗಳಲ್ಲಿ ಸುಮಾರು ಅರ್ಧದಷ್ಟು ಒಂದೇ ಕುಟುಂಬಕ್ಕೆ ಸೇರಿದವು. ವೀರ್ಯಕೋಶಗಳು ಅವನ್ನು ಸ್ರವಿಸುತ್ತವೆ. ಸ್ಖಲನದ ಕ್ಷಣದಲ್ಲಿ ಅವು ವೀರ್ಯಾಣುವಿನ ಹೊರಪೊರೆಗೆ ಅಂಟಿಕೊಂಡು, ಅಲ್ಲಿಂದ ಕೊಲೆಸ್ಟರಾಲನ್ನು ತೆಗೆಯತೊಡಗುತ್ತವೆ. ಪೊರೆ ಸಡಿಲವಾಗುತ್ತದೆ; ಅಂಡವನ್ನು ಸೇರುವ ಯೋಗ್ಯತೆಗೆ ಅದೇ ಮೊದಲ ಸಿದ್ಧತೆ. ಸಹಜ ಸಂಗಮದಲ್ಲಿ ವೀರ್ಯಾಣುಗಳು ಹಸುವಿನ ಗರ್ಭದ್ವಾರದ ಲೋಳೆಯನ್ನು ಈಜಿ ದಾಟುವಾಗ ಈ ದ್ರವವನ್ನು ಹಿಂದೆಯೇ ಬಿಟ್ಟುಹೋಗುತ್ತವೆ. ಆದರೆ ಶೇಖರಿಸಿಟ್ಟ ವೀರ್ಯದಲ್ಲಿ ಬಿಡುಗಡೆಯೆಲ್ಲಿ? ಪ್ರೋಟೀನು ಪೊರೆಯನ್ನು ಕರಗಿಸುತ್ತಲೇ ಇರುತ್ತದೆ. ಸಿದ್ಧಗೊಳಿಸಿದ ಕೈಯೇ ಕೊರಳು ಹಿಸುಕಿದಂತೆ. ಹೀಗೆ ಜೀರ್ಣವಾದ ಪೊರೆ ತಣಿಸುವಾಗಲೂ ದ್ರವ ಸಾರಜನಕದ ಮೈನಸ್ 196 ಡಿಗ್ರಿ ಶೈತ್ಯಕ್ಕೆ ಒಯ್ಯುವಾಗಲೂ ತಡೆಯಲಾರದು.

ಇಲ್ಲಿ ಕೋಳಿಮೊಟ್ಟೆ ನೆರವಿಗೆ ಬರುತ್ತದೆ. ಹಳದಿಯಲ್ಲಿರುವ ಕೊಬ್ಬು-ಪ್ರೋಟೀನಿನ ಸೂಕ್ಷ್ಮ ಕಣಗಳು ಆ ಪ್ರೋಟೀನುಗಳನ್ನು ತಮ್ಮ ಮೈಗೆ ಸೆಳೆದುಕೊಳ್ಳುತ್ತವೆ. ವೀರ್ಯಾಣುವಿನ ಪೊರೆ ಉಳಿಯುತ್ತದೆ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಹೆಸರು ಬರೆಯುವುದಿಲ್ಲ, ಅವನಿಗೆ ಗೊತ್ತಿದೆ, ನನಗೂ ಗೊತ್ತಿದೆ. ಮಹೋತ್ಸವಕ್ಕೆ ಬಂದರೆ ಹೊರಗೆ ನಿಲ್ಲದೆ ಮುಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಬಂದು ಕೂರಲಿ. ಇನ್ನೊಂದು ಪ್ರಶ್ನೆಯಿದ್ದರೆ ಕೇಳಲಿ.