ರೆಡಿಂಗ್ ಮನೆಯ ಗೋಡೆ ಅಳೆದ ಕಥೆ

ನಾವಿರೋ ಊರಿನ ಹೆಸರು ಓದೋ 'ರೀಡಿಂಗ್' ಅಲ್ಲ, 'ರೆಡಿಂಗ್'. ಲಂಡನ್ನಿಂದ ಪಶ್ಚಿಮಕ್ಕೆ ಫಾಸ್ಟ್ ಟ್ರೇನಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಐಟಿ ಕೆಲಸಕ್ಕೆ ಬಂದ ನಮ್ಮವರು ಇಲ್ಲಿ ತುಂಬಾ ಜನ ಇದ್ದಾರೆ. ಊರಿನ ಹಳೇ ಬೀದಿಗಳಲ್ಲಿ ಕೆಂಪು ಇಟ್ಟಿಗೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ತಲೆ ಎತ್ತಿ ನೋಡಿದ್ರೆ ಪ್ರತಿ ಮನೆ ಮೇಲೂ ಮಣ್ಣಿನ ಕುಂಡ ಬೋರಲು ಹಾಕಿದ ಹಾಗೆ ಚಿಮಣಿ ಕೊಳವೆಗಳು. ಸಾಮಾನ್ಯವಾಗಿ ಒಂದು ಕೊಳವೆ ಅಂದ್ರೆ ಕೆಳಗೆ ಒಂದು ಕೋಣೆಯಲ್ಲಿ ಒಂದು ಅಗ್ಗಿಷ್ಟಿಕೆ ಇತ್ತು ಅಂತ ಲೆಕ್ಕ. ಈಗ ಬಹುಪಾಲು ಕೊಳವೆಗಳಿಂದ ಹೊಗೆಯೇ ಬರೋದಿಲ್ಲ.

ಕಳೆದ ವರ್ಷ ನಾವು ಕೊಂಡಿದ್ದೂ ಅಂಥದ್ದೇ ಒಂದು ಮನೆ. ನವೆಂಬರ್ ಹೊತ್ತಿಗೆ ನನಗೆ ಏಳು ತಿಂಗಳು. ಬಾಣಂತನಕ್ಕೆ ಅಮ್ಮ ಜನವರಿಯಲ್ಲಿ ತೀರ್ಥಹಳ್ಳಿಯಿಂದ ಬರೋದು ಅಂತ ತೀರ್ಮಾನ ಆಗಿತ್ತು. ಅಮ್ಮನಿಗೆ ಮಂಡಿನೋವು, ಚಳಿ ಆಗಲ್ಲ. ವಿಡಿಯೋ ಕಾಲ್‌ನಲ್ಲಿ ಮೊದಲು ಕೇಳಿದ್ದೇ, "ಪುಟ್ಟಿ, ಅಲ್ಲಿ ಬೆಂಕಿ ಕಾಯಿಸೋಕೆ ಏನಾದ್ರೂ ಇದ್ಯನೇ?" ಅಂತ.

ಇತ್ತು. ಹಾಲ್‌ನಲ್ಲಿ ಎರಕದ ಕಬ್ಬಿಣದ ಹಳೇ ಫೈರ್‌ಪ್ಲೇಸ್, ಅದರ ಮೇಲೆ ಮರದ ಹಲಗೆ. ಆದ್ರೆ ಅದು ಬರೀ ಅಲಂಕಾರಕ್ಕೆ, ಒಳಗೆ ಯಾರೋ ಮೇಣದಬತ್ತಿ ಇಟ್ಟು ಹೋಗಿದ್ರು. ಗಂಡ ಹೇಳಿದ, "ಇದನ್ನ ತೆಗೆದು ಮೀಡಿಯಾ ವಾಲ್ ಮಾಡಿಸೋಣ ಮಾರಾಯ್ತಿ. ಮೇಲೆ ಟಿವಿ, ಕೆಳಗೆ ಎಲೆಕ್ಟ್ರಿಕ್ ಬೆಂಕಿ." ಇಲ್ಲಿ ಈಗ ಎಲ್ಲರ ಮನೆಯಲ್ಲೂ ಅದೇ ಫ್ಯಾಷನ್. ಅವನ ಕಣ್ಣು 75 ಇಂಚಿನ ಟಿವಿ ಮೇಲೆ ಇತ್ತು.

ಗೋಡೆ ಒಡೆಯೋ ಮುಂಚೆ ಒಂದು ಶನಿವಾರ ನಾವು ಲಂಡನ್ನಿನ 'ಮ್ಯೂಸಿಯಂ ಆಫ್ ದಿ ಹೋಮ್'ಗೆ ಹೋದ್ವಿ. ಎಲಿಜಬೆತ್ ಲೈನ್‌ನಲ್ಲಿ ವೈಟ್‌ಚಾಪೆಲ್‌ವರೆಗೆ, ಅಲ್ಲಿಂದ ಓವರ್‌ಗ್ರೌಂಡ್‌ನಲ್ಲಿ ಹಾಕ್ಸ್‌ಟನ್. ಸ್ಟೇಷನ್ ಪಕ್ಕದಲ್ಲೇ ಮ್ಯೂಸಿಯಂ, ಪ್ರವೇಶ ಉಚಿತ. 1714ರಲ್ಲಿ ಬಡ ವೃದ್ಧರಿಗಾಗಿ ಕಟ್ಟಿದ ಮನೆಗಳ ಸಾಲು ಅದು. 1914ರಿಂದ ಮ್ಯೂಸಿಯಂ ಆಗಿದೆ. ಒಳಗೆ ರಾಜರ ಕಿರೀಟ, ಕತ್ತಿ ಯಾವುದೂ ಇಲ್ಲ. ಸಾಮಾನ್ಯ ಮನೆಗಳ ಹಾಲ್ ಬೇರೆ ಬೇರೆ ಕಾಲದಲ್ಲಿ ಹೇಗಿತ್ತು ಅಂತ ಕೋಣೆ ಕೋಣೆಯಾಗಿ ಜೋಡಿಸಿಟ್ಟಿದ್ದಾರೆ.

1630ರ ಹಾಲ್‌ನಿಂದ ಶುರು ಮಾಡಿ ಒಂದೊಂದೇ ಕೋಣೆ ದಾಟುತ್ತಾ ಹೋದ್ರೆ ಒಂದು ವಿಷಯ ತಾನಾಗೇ ಕಾಣುತ್ತೆ: ಶತಮಾನಗಳ ಕಾಲ ಕುರ್ಚಿಗಳೆಲ್ಲ ಬೆಂಕಿಯ ಕಡೆ ತಿರುಗಿವೆ. 'ಫೋಕಸ್' ಅನ್ನೋ ಲ್ಯಾಟಿನ್ ಪದದ ಮೂಲ ಅರ್ಥವೇ ಒಲೆ. 1976ರ ಕೆರಿಬಿಯನ್ ಕುಟುಂಬದ ಕೋಣೆ ನೋಡಿದಾಗ ನನಗೆ ನಗು ಬಂತು. ಕ್ರೋಶಾ ಹೆಣಿಗೆಯ ಬಟ್ಟೆ, ಚಂದದ ಗೋಡೆ, ಅತಿಥಿ ಬಂದಾಗ ತೋರಿಸೋಕೆ ಅಂತಲೇ ಇಟ್ಟ ಸಾಮಾನು. ನಮ್ಮ ಅಜ್ಜಿಮನೆಯ ಶೋಕೇಸ್ ಥೇಟ್ ಹೀಗೇ ಇತ್ತು.

ಇಂಗ್ಲೆಂಡಿನ ಮನೆಗಳಿಂದ ಬೆಂಕಿ ಹೋಗಿದ್ದಕ್ಕೆ ಕಾರಣಗಳಿವೆ. 1952ರ ಡಿಸೆಂಬರ್‌ನಲ್ಲಿ ಕಲ್ಲಿದ್ದಲ ಹೊಗೆ ಲಂಡನ್ನನ್ನ ಐದು ದಿನ ಮುಚ್ಚಿಹಾಕಿ ಸಾವಿರಾರು ಜನ ಸತ್ತರು. 1956ರಲ್ಲಿ ಕ್ಲೀನ್ ಏರ್ ಆಕ್ಟ್ ಬಂತು. ಆಮೇಲೆ ಮನೆಮನೆಗೂ ರೇಡಿಯೇಟರ್‌ಗಳು ಬಂದು ಬೆಂಕಿಯ ಅಗತ್ಯ ಮುಗೀತು. ಅದೇ ಸುಮಾರಿಗೆ ಟಿವಿ ಬಂದು ಕುರ್ಚಿಗಳನ್ನ ತನ್ನ ಕಡೆ ತಿರುಗಿಸಿಕೊಳ್ತು. ಮೀಡಿಯಾ ವಾಲ್ ಅನ್ನೋದು ಒಂದು ರೀತಿಯಲ್ಲಿ ಇವೆರಡರ ರಾಜಿ ಪಂಚಾಯ್ತಿ.

ವಾಪಸ್ ಬಂದು ನಾವು ಟೇಪ್ ಹಿಡಿದ್ವಿ. ಗೋಡೆಯ ಅಗಲ 3.6 ಮೀಟರ್. ಮಧ್ಯದಲ್ಲಿ ಚಿಮಣಿಯ ಉಬ್ಬು ಗೋಡೆ, ಅಗಲ 150 ಸೆಂ.ಮೀ., ಮುಂದಕ್ಕೆ 35 ಸೆಂ.ಮೀ. ಚಾಚಿದೆ. ಅದರ ಎಡಬಲಕ್ಕೆ 105 ಸೆಂ.ಮೀ. ಅಗಲದ ಎರಡು ಖಾಲಿ ಮೂಲೆಗಳು.

ಬಂದ ಗುತ್ತಿಗೆದಾರ ಐದೇ ನಿಮಿಷದಲ್ಲಿ ಪ್ಲಾನ್ ಹೇಳಿಬಿಟ್ಟ. ಈ ಕಡೆಯಿಂದ ಆ ಕಡೆವರೆಗೆ ಪ್ಲಾಸ್ಟರ್‌ಬೋರ್ಡ್‌ನ ಸುಳ್ಳು ಗೋಡೆ, ಚಿಮಣಿಗಿಂತ ಇನ್ನೂ 30 ಸೆಂ.ಮೀ. ಮುಂದಕ್ಕೆ. ಫೋಟೋದಲ್ಲಿ ಸೂಪರ್ ಆಗಿ ಕಾಣುತ್ತೆ. ಆದ್ರೆ ಎರಡು ಮೂಲೆಗಳೂ ಹೋಗ್ತವೆ, ಸೋಫಾಕ್ಕೂ ಗೋಡೆಗೂ ಇರೋ 2.7 ಮೀಟರ್ ದೂರ 2.4 ಆಗುತ್ತೆ. ಅಮ್ಮನ ಕುರ್ಚಿ ಎಲ್ಲಿಡೋದು, ತೊಟ್ಟಿಲು ಎಲ್ಲಿಡೋದು? ಅವನ ಡ್ರಾಯಿಂಗ್‌ನಲ್ಲಿ ಟಿವಿ ಇತ್ತು, ಬೆಂಕಿ ಇತ್ತು, ಎಲ್‌ಇಡಿ ಪಟ್ಟಿ ಇತ್ತು. ಮನುಷ್ಯರು ಇರಲಿಲ್ಲ.

ಆ ರಾತ್ರಿ ನಮ್ಮಿಬ್ಬರಿಗೂ ಜಗಳ ಆಯ್ತು. ಮಗುವಿಗೆ ಅಂತ ಕೂಡಿಟ್ಟ ದುಡ್ಡಿನಿಂದಲೇ ಇದಕ್ಕೆ ತೆಗೀಬೇಕಿತ್ತು, ಅದೂ ಒಂದು ಕಾರಣ. ಬೆಳಿಗ್ಗೆ ಎದ್ದು, ಆಫೀಸಿನಲ್ಲಿ ಮಾಡೋ ಹಾಗೆ ಮೊದಲು ಟೆಸ್ಟ್ ಮಾಡೋಣ ಅಂದುಕೊಂಡ್ವಿ. ರಟ್ಟಿನ ಡಬ್ಬಗಳನ್ನ ಟಿವಿ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿದ್ವಿ.

75 ಇಂಚಿನ ಟಿವಿ ಅಗಲ ಸುಮಾರು 166 ಸೆಂ.ಮೀ. ಚಿಮಣಿ ಗೋಡೆಯಿಂದ ಎರಡೂ ಕಡೆ 8 ಸೆಂ.ಮೀ. ಹೊರಗೆ ಇಣುಕುತ್ತೆ. 65 ಇಂಚಿನದು 144, ಪಕ್ಕದಲ್ಲಿ ಉಳಿಯೋದು ಮೂರೇ ಸೆಂ.ಮೀ., ಅಣ್ಣನ ಅಂಗಿ ತಮ್ಮ ಹಾಕ್ಕೊಂಡ ಹಾಗೆ. 55 ಇಂಚಿನದು 122, ಎರಡೂ ಪಕ್ಕ 14 ಸೆಂ.ಮೀ. ಬಿಟ್ಟು ನೆಮ್ಮದಿಯಾಗಿ ಕೂತಿತು. ನೋಡೋ ದೂರಕ್ಕೆ ಇಂಜಿನಿಯರುಗಳ ಒಂದು ಸರಳ ಲೆಕ್ಕ ಇದೆ: ಪರದೆಯ ಕರ್ಣದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. 55 ಇಂಚಿಗೆ ಅದು ಸುಮಾರು 2.2 ಮೀಟರ್. ನಮ್ಮ ಸೋಫಾಕ್ಕೆ ಅಷ್ಟು ಸಾಕು.

ಮುಖ್ಯ ವಿಷಯ ಎತ್ತರ. ಸೋಫಾದಲ್ಲಿ ಕೂತಾಗ ನನ್ನ ಕಣ್ಣು ನೆಲದಿಂದ 108 ಸೆಂ.ಮೀ. ಎತ್ತರದಲ್ಲಿರುತ್ತೆ. ಹಳೇ ಮರದ ಹಲಗೆ 120 ಸೆಂ.ಮೀ. ಎತ್ತರದಲ್ಲಿತ್ತು. ಅದರ ಮೇಲೆ 75 ಇಂಚಿನ ಟಿವಿ ಹಾಕಿದ್ರೆ ಅದರ ನಡುಭಾಗ 177 ಸೆಂ.ಮೀ.ಗೆ ಹೋಗುತ್ತೆ, ಅಂದ್ರೆ ಕತ್ತು ಸುಮಾರು 14 ಡಿಗ್ರಿ ಮೇಲಕ್ಕೆ. ಸಣ್ಣ ಸಂಖ್ಯೆ ಅನ್ನಿಸುತ್ತೆ. ಗಂಡನನ್ನ ಅರ್ಧ ಗಂಟೆ ಆ ರಟ್ಟನ್ನೇ ನೋಡ್ತಾ ಕೂರಿಸಿದೆ. ಎದ್ದವನು ಕತ್ತು ನೀವಿಕೊಂಡು, "ಆಯ್ತು, 55 ಸಾಕು" ಅಂದ.

ಕೊನೆಗೆ ನಾವು ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕಿದ್ವಿ. 10 ಸೆಂ.ಮೀ. ಕಟ್ಟೆ, ಅದರ ಮೇಲೆ 40 ಸೆಂ.ಮೀ. ಎತ್ತರ, ಒಂದು ಮೀಟರ್ ಅಗಲದ ಎಲೆಕ್ಟ್ರಿಕ್ ಬೆಂಕಿ. ನಡುವೆ 25 ಸೆಂ.ಮೀ. ಖಾಲಿ, ಅದರ ಮೇಲೆ ಟಿವಿ. ಟಿವಿಯ ನಡುಭಾಗ ನೆಲದಿಂದ 110 ಸೆಂ.ಮೀ.ಗೆ ಬಂತು, ಕಣ್ಣಿಗೆ ಸರಿಸಮ. ಪೂರ್ತಿ ಗೋಡೆ ಬಿಟ್ಟು, ಚಿಮಣಿ ಭಾಗಕ್ಕೆ ಮಾತ್ರ 15 ಸೆಂ.ಮೀ. ದಪ್ಪದ ಚೌಕಟ್ಟು. ಮೂಲೆಗಳು ಹಾಗೇ ಉಳಿದವು. ಹಳೇ ಕಬ್ಬಿಣದ ಫೈರ್‌ಪ್ಲೇಸ್ ಬಿಚ್ಚಿ ಅಟ್ಟಕ್ಕೆ ಹಾಕಿದ್ದೀವಿ, ಮುಂದೆ ಯಾರಿಗಾದ್ರೂ ಬೇಕಾಗಬಹುದು.

ನೀವೂ ಇಂಥದ್ದು ಮಾಡಿಸೋದಾದ್ರೆ ನಾವು ಕಲಿತ ನಾಲ್ಕು ಮಾತು. ಒಂದು, ಹಳೇ ಚಿಮಣಿಯನ್ನ ಪೂರ್ತಿ ಮುಚ್ಚಬೇಡಿ. ಗಾಳಿ ಆಡೋಕೆ ಜಾಲರಿ ಬಿಡದಿದ್ರೆ ಒಳಗೆ ತೇವ ಹಿಡಿಯುತ್ತೆ. ಚಿಮಣಿ ಗೋಡೆಯನ್ನೇ ಒಡೆಯೋದಾದ್ರೆ ಕೌನ್ಸಿಲ್‌ನ ಕಟ್ಟಡ ವಿಭಾಗದ ಅನುಮತಿ ಬೇಕು. ಪಕ್ಕದ ಮನೆಯವರ ಜೊತೆ ಹಂಚಿಕೊಂಡ ಗೋಡೆ ಆದ್ರೆ ಅವರಿಗೆ ನೋಟಿಸನ್ನೂ ಕೊಡಬೇಕು. ಎರಡು, ಪ್ಲಾಸ್ಟರ್‌ಬೋರ್ಡ್ ಟಿವಿ ಭಾರ ತಡೆಯಲ್ಲ, ಹಿಂದೆ ಮೊದಲೇ ಪ್ಲೈವುಡ್ ಕೂರಿಸಿ. ಕೇಬಲ್‌ಗೆ ದಪ್ಪ ಪೈಪನ್ನೂ ಆಗಲೇ ಹಾಕಿಸಿ. ಮೂರು, ಬಿಸಿಗಾಳಿ ಮುಂದಕ್ಕೆ ಬರೋ ಹೀಟರ್ ಆರಿಸಿ, ಟಿವಿಗೆ ಎಷ್ಟು ಅಂತರ ಬಿಡಬೇಕು ಅಂತ ಅದರ ಮ್ಯಾನುಯಲ್‌ನಲ್ಲೇ ನೋಡಿ. ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಚುಚ್ಚಬೇಡಿ. ನಾಲ್ಕು, ಇಡೀ ಮನೆ ಬಿಸಿ ಮಾಡೋಕೆ ಇದನ್ನ ನಂಬಬೇಡಿ. ಇಲ್ಲಿ ಯೂನಿಟ್ ಲೆಕ್ಕದಲ್ಲಿ ಕರೆಂಟು ಗ್ಯಾಸ್‌ಗಿಂತ ಸುಮಾರು ನಾಲ್ಕು ಪಟ್ಟು ದುಬಾರಿ. ನಮ್ಮ ಎರಡು ಕಿಲೋವ್ಯಾಟ್ ಹೀಟರ್ ಸಂಜೆ ಒಂದು ಗಂಟೆಗೆ ಮಾತ್ರ. ಜ್ವಾಲೆಯ ದೀಪ ಮಾತ್ರ ಉರಿಸಿದ್ರೆ ಖರ್ಚು ತೀರಾ ಕಡಿಮೆ.

ಜನವರಿ ಎರಡನೇ ವಾರ ಅಮ್ಮ ಬಂದ್ಲು. ಕೋಟು ಬಿಚ್ಚದೇ ಗೋಡೆ ಮುಂದೆ ನಿಂತು ಗಾಜು ಮುಟ್ಟಿ ನೋಡಿ, "ಬೆಂಕಿ ಚಿತ್ರಕ್ಕೆ ಇಷ್ಟು ದುಡ್ಡು ಕೊಟ್ರಾ?" ಅಂದ್ಲು. ಊರಲ್ಲಿ ಬಚ್ಚಲ ಒಲೆ ಮುಂದೆ ದಿನಾ ಬೆಳಿಗ್ಗೆ ಕೂತವಳು ಇನ್ನೇನು ಹೇಳ್ತಾಳೆ? ಚಿಕ್ಕವರಿದ್ದಾಗ ನಾವೆಲ್ಲ ಹಲ್ಲುಜ್ಜೋ ನೆಪದಲ್ಲಿ ಆ ಹಂಡೆ ಒಲೆ ಸುತ್ತಲೇ ಕೂರ್ತಿದ್ವಿ.

ಆದ್ರೆ ಹೀಟರ್ ಹಾಕಿದ ಮೇಲೆ ಎಡಗಡೆ ಮೂಲೆಯಲ್ಲಿದ್ದ ಗಿಡ್ಡ ಕುರ್ಚಿಯನ್ನ ತಾನೇ ಎಳ್ಕೊಂಡು ಬಂದು ಕಾಲು ಚಾಚಿದ್ಲು. ಬಲಗಡೆ ಮೂಲೆಯಲ್ಲಿ ಅವಳು ತಂದ ದೇವರ ಫೋಟೋ, ದೀಪ ಕೂತಿವೆ. ಮಗಳು ಹುಟ್ಟಿ ಈಗ ಐದು ವಾರ. ಸಂಜೆ ನಾನು ಆ ಕುರ್ಚಿಯಲ್ಲಿ ಕೂತು ಹಾಲೂಡಿಸ್ತೀನಿ, ಅಮ್ಮ ಪಕ್ಕದಲ್ಲಿ ನೆಲದ ಮೇಲೆ ಕಂಬಳಿ ಹಾಕಿ ಪುಟ್ಟ ಬಟ್ಟೆಗಳನ್ನ ಬೆಚ್ಚಗೆ ಮಾಡ್ತಾಳೆ. ಟಿವಿ ಹೆಚ್ಚಾಗಿ ಆಫ್ ಆಗೇ ಇರುತ್ತೆ. ಗಂಡ ಮಾತ್ರ ಕ್ರಿಕೆಟ್ ಇದ್ದಾಗ ವಾಲ್ಯೂಮ್ ಕಮ್ಮಿ ಮಾಡಿ ನೋಡ್ತಾನೆ, 55 ಇಂಚಿನಲ್ಲಿ.

ನಿಮ್ಮ ಮನೆ ಬೆಂಗಳೂರಿನ ಫ್ಲ್ಯಾಟ್ ಆಗಿದ್ರೂ, ಫೈರ್‌ಪ್ಲೇಸ್ ಇಲ್ಲದೇ ಬರೀ ಟಿವಿ ಯೂನಿಟ್ ಆಗಿದ್ರೂ, ಕಾರ್ಪೆಂಟರ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಒಂದು ಭಾನುವಾರ ರಟ್ಟು ಕತ್ತರಿಸಿ ಗೋಡೆಗೆ ಅಂಟಿಸಿ ನೋಡಿ. ಮನೆಯಲ್ಲಿ ಯಾರು ಎಲ್ಲಿ ಕೂರ್ತಾರೋ ಅಲ್ಲಿ ಕೂತು ಅಳತೆ ಶುರು ಮಾಡಿ. ನಮಗಂತೂ ಇಷ್ಟಕ್ಕೆ ಖರ್ಚಾಗಿದ್ದು ಮೂರು ಹಳೇ ಡಬ್ಬ ಮತ್ತು ಒಂದು ಟೇಪ್ ಸುರುಳಿ.