ಅಲ್ಪವಿರಾಮ ಎಲ್ಲಿ ಹಾಕೋದು?

ಉಜ್ಜಿನಿಯ ಹೊಲ ಮಾರಿದ ದುಡ್ಡಿನ ಲೆಕ್ಕವನ್ನು ಪೈಥಾನಿನಲ್ಲಿ ಮಾಡಿ, ಪ್ರಿಂಟ್ ತೆಗೆದು ಚಿಗಪ್ಪನ ಕೈಗಿಟ್ಟೆ. ಅವರ ಪಾಲು 1,250,000 ಅಂತಿತ್ತು. "ಒಂದೂಕಾಲು ಲಕ್ಷನಾ?" ಅಂದು ಅಪ್ಪನ ಮುಖ ನೋಡಿದ್ರು. ಅಣ್ಣನನ್ನು ಅವರು ಹಾಗೆ ನೋಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಹನ್ನೆರಡೂವರೆ ಲಕ್ಷ ಅಂತ ಬಿಡಿಸಿ ಹೇಳೋಷ್ಟರಲ್ಲಿ ಬೆವರಿದ್ದೆ.

ತಪ್ಪು ಅಲ್ಪವಿರಾಮದ್ದು. ಕೋಡ್ ಬರೆಯುವಾಗ ಪೈಥಾನ್ ಉದಾರಿ. 3.6ನೇ ಆವೃತ್ತಿಯಿಂದ 12_50_000 ಅಂತ ಬರೆದರೂ ಒಪ್ಪುತ್ತೆ. ತೋರಿಸುವಾಗ ಮಾತ್ರ ‘:,’ ಅಂದರೆ ಮೂರು ಮೂರಕ್ಕೇ ಗುಂಪು. ಲೊಕೇಲ್ ಬದಲಿಸಿದರೆ ಲಕ್ಷ ಬರುತ್ತೆ, ನಿಜ. ಆದರೆ ಅದು ಇಡೀ ಪ್ರೋಗ್ರಾಮಿಗೇ ಅಂಟಿಕೊಳ್ಳುತ್ತೆ, ಮಶೀನಿನಲ್ಲೂ ಇರಬೇಕು.

ಆ ಅಲ್ಪವಿರಾಮದ ಪಕ್ಕ ಲಕ್ಷಕ್ಕಾಗಿ ಇನ್ನೊಂದೇ ಅಕ್ಷರ ಸೇರಿಸಿ ಅಂತ ಪ್ರಸ್ತಾವನೆ ಬರೆಯಲು ಕೂತೆ. "ಹತ್ತು ಸಾಲಿನ ಫಂಕ್ಷನ್ ಸಾಕಲ್ಲ?" ಎಂಬ ಪ್ರಶ್ನೆ ಬಂದೇ ಬರುತ್ತೆ. ಹೊಸ ಚಿಹ್ನೆಯಿಂದ ಅನುಕೂಲ ಕೆಲವರಿಗೆ, ಕಲಿಯೋ ಕಷ್ಟ ಎಲ್ಲರಿಗೂ. 2018ರಲ್ಲಿ ‘:=’ ಎಂಬ ಪುಟ್ಟ ಚಿಹ್ನೆಯ ಜಗಳಕ್ಕೆ ಬೇಸತ್ತು, ಪೈಥಾನ್ ಹುಟ್ಟಿಸಿದ ಗೀಡೊ ವ್ಯಾನ್ ರೋಸಮ್ ಮುಂದಾಳತ್ವವನ್ನೇ ಬಿಟ್ಟರು.

ಅಪ್ಪನಿಗೆ ಹೇಳಿದೆ. "ಲೆಕ್ಕ ಬರೆದೋನಿಗೆ ತಿಳಿದ್ರೆ ಆತೇನು? ಓದೋನಿಗೆ ತಿಳೀಬೇಕು" ಅಂದ್ರು. ಪ್ರಸ್ತಾವನೆಯ ಮೊದಲ ಸಾಲು ಅದೇ. ಕಳಿಸೋದು ಬಾಕಿ ಇದೆ. ಅಲ್ಲಿವರೆಗೆ ಆ ಹತ್ತು ಸಾಲಿನ ಫಂಕ್ಷನ್ನೇ ಬರೆದು, ಚಿಗಪ್ಪನಿಗೆ ಹೊಸ ಪ್ರಿಂಟ್ ಕೊಟ್ಟೆ: 12,50,000. ಅವರು ಈ ಸಲ ಅಪ್ಪನ ಮುಖ ನೋಡಲಿಲ್ಲ.